ಸೋತ ತಂಡದ ಮೇಷ್ಟ್ರಿಗೆ ಯಾವ ಅಳತೆಗೋಲು?

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಮೇಲಿನ ಸಾಲಿನಲ್ಲಿ ಮಗನ ಪಕ್ಕ ಮುದುಡಿಕೊಂಡು ಕೂತಿದ್ದೆ. ಕಪ್ಪು ಅಂಗಿಯ ಮೇಲೆ ಹಳದಿ ಪಟ್ಟಿಯ ರಿಚ್ಮಂಡ್ ತಂಡ ಕೆಳಗೆ ಮತ್ತೊಮ್ಮೆ ಸೋಲುತ್ತಿತ್ತು. ಮೂರನೇ ಕ್ವಾರ್ಟರ್ ಮುಗಿಯುತ್ತಾ ಬಂದಾಗ, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗನೊಬ್ಬ ಕೈಗೆ ಬಂದ ಚೆಂಡನ್ನು ಬಿಟ್ಟ. ಎದುರಾಳಿ ಅದನ್ನೇ ಎತ್ತಿಕೊಂಡು ಹೋಗಿ ಗೋಲು ಹೊಡೆದ. ನಮ್ಮ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ನಿಂತು, ಮೊದಲು ಆ ಕೋಚನ್ನು ಮನೆಗೆ ಕಳಿಸಿ ಎಂದು ಕೂಗಿದರು. ಸುತ್ತಲಿನ ನಾಲ್ಕಾರು ತಲೆಗಳು ಹೌದೆಂದು ಅಲ್ಲಾಡಿದವು.

ಮಗ ನನ್ನ ಕಡೆ ತಿರುಗಿ, "ಅಮ್ಮಾ, ಬಾಲ್ ಬಿಟ್ಟಿದ್ದು ಅವನು. ಬೈಗುಳ ಯಾಕೆ ಕೋಚ್‌ಗೆ?" ಅಂದ.

"ಸಂಬಳ ಕೊಡೋದೇ ಅದಕ್ಕೆ ಕಣೋ" ಅಂತ ಹೇಳಿ ನಕ್ಕುಬಿಟ್ಟೆ. ರಾತ್ರಿ ರೈಲಿನಲ್ಲಿ ವಾಪಸಾಗುವಾಗ ಆ ಉತ್ತರ ನನಗೇ ಹಿಡಿಸಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಥರದ ತೀರ್ಪಿಗೆ ತಲೆಕೊಟ್ಟವಳು ನಾನು. ಆ ಕಥೆಗೆ ಆಮೇಲೆ ಬರುತ್ತೇನೆ. ಈ ಲೇಖನ ಜಗಳ ಕಾಯುವುದಕ್ಕಾಗಿಯೇ ಬರೆದದ್ದು, ಅದೂ ಒಬ್ಬರ ಜೊತೆಯಲ್ಲ, ಇಬ್ಬರ ಜೊತೆ. ಕೋಚನ್ನು ಮನೆಗೆ ಕಳಿಸಿ ಎಂದು ಕೂಗುವವರು ಮೊದಲನೆಯವರು. ತಾಳ್ಮೆ ಇರಲಿ, ಎಲ್ಲ ಸರಿಹೋಗುತ್ತದೆ ಎಂದು ಅವರ ಬಾಯಿ ಮುಚ್ಚಿಸುವವರು ಎರಡನೆಯವರು.

ಈ ಆಟ ನೋಡದವರಿಗೆ ಎರಡು ಮಾತು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ಗೆ ಇಲ್ಲಿಯ ಜನ ಕೊಟ್ಟಿರುವ ಮುದ್ದಿನ ಹೆಸರು ಫುಟ್ಟಿ. ಇದು ಹುಟ್ಟಿದ್ದೇ ಮೆಲ್ಬರ್ನ್‌ನಲ್ಲಿ. ಇದರ ಮೊದಲ ನಿಯಮಗಳನ್ನು 1859ರಲ್ಲಿ ಬರೆದವರಲ್ಲಿ ಪ್ರಮುಖರಾದ ಟಾಮ್ ವಿಲ್ಸ್ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎನ್ನುವುದೂ ಅವರ ಲೆಕ್ಕಾಚಾರದಲ್ಲಿ ಇತ್ತು. ಅದಕ್ಕೇ ಇವತ್ತಿಗೂ ಇದನ್ನು ಕ್ರಿಕೆಟ್ ಮೈದಾನದಂಥ ಅಂಡಾಕಾರದ ಅಂಗಳದಲ್ಲೇ ಆಡುತ್ತಾರೆ. ಒಂದೊಂದು ಕಡೆ ಹದಿನೆಂಟು ಜನ, ನಾಲ್ಕು ಕ್ವಾರ್ಟರ್. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬಹುದು, ಎಸೆಯುವ ಹಾಗಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದೇ ಅಂಕ. ಎಎಫ್‌ಎಲ್ ಎಂಬ ರಾಷ್ಟ್ರೀಯ ಲೀಗ್‌ನಲ್ಲಿ ಹದಿನೆಂಟು ತಂಡಗಳಿವೆ. ಕೊನೆಯ ಸ್ಥಾನಕ್ಕೆ ಇಳಿದ ತಂಡಕ್ಕೆ 'ಮರದ ಚಮಚ' ಸಿಕ್ಕಿತು ಅಂತ ಲೇವಡಿ ಮಾಡುತ್ತಾರೆ.

ಆ ಚಮಚ 2024ರಲ್ಲಿ ರಿಚ್ಮಂಡ್‌ಗೆ ಸಿಕ್ಕಿತು. ಅಡೆಮ್ ಊಝೇ ಮುಖ್ಯ ಕೋಚ್ ಆಗಿ ಬಂದ ಮೊದಲ ವರ್ಷ ಅದು. 23 ಪಂದ್ಯ, 2 ಗೆಲುವು. ಮರುವರ್ಷ, 2025ರಲ್ಲಿ, 5 ಗೆಲುವು, ಹದಿನೇಳನೇ ಸ್ಥಾನ. ಈ ಮಾರ್ಚ್‌ನಲ್ಲಿ ಅವರ ಮೂರನೇ ಋತು ಶುರುವಾಗುತ್ತದೆ. ಬೇಸಿಗೆ ರಜೆಯಲ್ಲೂ ಇಲ್ಲಿಯ ರೇಡಿಯೋ, ಪಬ್, ಕಚೇರಿಯ ಕಾಫಿ ಮೆಷಿನ್ನು ಎಲ್ಲ ಕಡೆಯೂ ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯ ಕೈಲಾಗುವವನೋ ಅಲ್ಲವೋ?

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವ ರೀತಿಯ ಮೇಲೆ ನನ್ನ ತಕರಾರು.

ಮೊದಲು ಅಂಕಪಟ್ಟಿಯವರ ವಿಚಾರ. ಎರಡು ಗೆಲುವು, ಐದು ಗೆಲುವು, ಒಟ್ಟು 46 ಪಂದ್ಯಕ್ಕೆ ಏಳು. ಇನ್ನೇನು ನೋಡಬೇಕು ಅನ್ನುತ್ತಾರೆ ಇವರು. ನೋಡಬೇಕಾದದ್ದು ಬೇಕಾದಷ್ಟಿದೆ. ಊಝೇಗೆ ಸಿಕ್ಕ ತಂಡ ಯಾವುದು? 2017, 2019, 2020ರಲ್ಲಿ ಮೂರು ಸಲ ಚಾಂಪಿಯನ್ ಆಗಿ, ಆ ದಣಿವಿನಲ್ಲೇ ವಯಸ್ಸಾಗಿದ್ದ ತಂಡ. ಆ ಮೂರೂ ಕಪ್ ತಂದುಕೊಟ್ಟ ಡೇಮಿಯನ್ ಹಾರ್ಡ್‌ವಿಕ್ 2023ರ ಮೇ ತಿಂಗಳಲ್ಲಿ, ಋತುವಿನ ನಡುವೆಯೇ, ಬಿಟ್ಟು ನಡೆದರು. ಊಝೇ ಬಂದ ಮೊದಲ ವರ್ಷವೇ ಡಸ್ಟಿನ್ ಮಾರ್ಟಿನ್ ನಿವೃತ್ತರಾದರು. ಆ ವರ್ಷದ ಕೊನೆಗೆ ಡ್ಯಾನ್ ರಿಯೋಲಿ, ಶೈ ಬೋಲ್ಟನ್, ಲಿಯಮ್ ಬೇಕರ್, ಜ್ಯಾಕ್ ಗ್ರಹಾಂ ನಾಲ್ವರೂ ಬೇರೆ ಕ್ಲಬ್‌ಗಳ ಹಾದಿ ಹಿಡಿದರು. ರಿಯೋಲಿ ಹೋದದ್ದು ಹಾರ್ಡ್‌ವಿಕ್ ಈಗ ಕೋಚ್ ಆಗಿರುವ ಗೋಲ್ಡ್ ಕೋಸ್ಟ್‌ಗೇ. ಹೀಗೆ ಬರಿದಾದ ಮನೆಗೆ ಬಂದವರು ಡ್ರಾಫ್ಟ್‌ನ ಹುಡುಗರು. 1986ರಿಂದ ನಡೆದು ಬಂದಿರುವ ಈ ಪದ್ಧತಿಯಲ್ಲಿ ಕೊನೆಯಲ್ಲಿರುವ ತಂಡಕ್ಕೆ ದೇಶದ ಎಳೆಯ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುತ್ತದೆ. 2024ರ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಮೊದಲ ಆಯ್ಕೆಯಾಗಿ ಸ್ಯಾಮ್ ಲೇಲರ್‌ನನ್ನು ತೆಗೆದುಕೊಂಡಿತು, ಅವನ ಜೊತೆಗೆ ಇನ್ನೂ ಅರ್ಧ ಡಜನ್ ಹುಡುಗರನ್ನು. ಹೆಚ್ಚಿನವರು ಆಗ ತಾನೇ ಹನ್ನೆರಡನೇ ತರಗತಿ ಮುಗಿಸಿದವರು.

ಈ ತಂಡ ಮುಂದಿನ ವರ್ಷ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಹೇಳಿ. ಎದುರಿಗೆ ನಿಲ್ಲುವವರು ಇಪ್ಪತ್ತೇಳು ಇಪ್ಪತ್ತೆಂಟರ, ಮೈಕಟ್ಟು ಗಟ್ಟಿಯಾದ ಗಂಡಸರು. ಆಟಗಾರರನ್ನು ಕೊಳ್ಳುವವರು, ಮಾರುವವರು, ಸಂಬಳದ ಮಿತಿಯೊಳಗೆ ಲೆಕ್ಕ ಹಾಕುವವರು ಬೇರೆ ಇದ್ದಾರೆ. ಕೋಚ್ ಅಡುಗೆಯವನು ಮಾತ್ರ, ಸಂತೆಗೆ ಹೋದವನು ಇನ್ನೊಬ್ಬ. ಎರಡು ಗೆಲುವು ಐದಾಯಿತು, ಭಲೇ ಪ್ರಗತಿ ಎಂದು ಕುಣಿಯುವವರಿಗೂ ನನ್ನ ಮಾತು ಇದೇ. ಹದಿನೇಳನೇ ಸ್ಥಾನಕ್ಕೂ ಹದಿನೆಂಟನೇ ಸ್ಥಾನಕ್ಕೂ ನಡುವಿನ ವ್ಯತ್ಯಾಸ ಒಮ್ಮೊಮ್ಮೆ ಗಾಳಿಗೆ ಕಂಬದ ಪಕ್ಕ ಸರಿದ ಎರಡು ಒದೆತಗಳಷ್ಟೇ. ಅದರ ಮೇಲೆ ಬೈಗುಳವನ್ನೂ ಕಟ್ಟಬಾರದು, ಹೊಗಳಿಕೆಯನ್ನೂ ಕಟ್ಟಬಾರದು.

ಅಂಕಪಟ್ಟಿ ಎಷ್ಟು ಹುಸಿ ಹೇಳುತ್ತದೆ ಎನ್ನುವುದಕ್ಕೆ ಸಾಕ್ಷಿ ಇದೇ ಕ್ಲಬ್‌ನಲ್ಲಿದೆ. ಹಾರ್ಡ್‌ವಿಕ್ 2010ರಲ್ಲಿ ಬಂದಾಗ ಮೊದಲ ಒಂಬತ್ತು ಪಂದ್ಯವನ್ನೂ ಸಾಲಾಗಿ ಸೋತರು. ಆ ವರ್ಷ ಗೆದ್ದದ್ದು ಆರೇ ಆರು. ಅಲಸ್ಟೇರ್ ಕ್ಲಾರ್ಕ್‌ಸನ್ 2005ರಲ್ಲಿ ಹಾಥಾರ್ನ್ ತಂಡಕ್ಕೆ ಬಂದ ವರ್ಷ ಗೆದ್ದದ್ದು ಐದು ಪಂದ್ಯ. ಮೂರು ವರ್ಷದ ಮೇಲೆ, 2008ರಲ್ಲಿ, ಅದೇ ತಂಡ ಕಪ್ ಎತ್ತಿತು. ಮೊದಲ ವರ್ಷದ ಪಟ್ಟಿ ನೋಡಿ ತೀರ್ಪು ಕೊಟ್ಟಿದ್ದರೆ ಈ ಆಟದ ಇಬ್ಬರು ದೊಡ್ಡ ಮೇಷ್ಟ್ರುಗಳು ಆಗಲೇ ಮನೆ ಸೇರಿರುತ್ತಿದ್ದರು.

ಇಷ್ಟು ಹೇಳಿದ ಕೂಡಲೇ ಎರಡನೇ ಗುಂಪಿನವರು ನನ್ನ ಬೆನ್ನು ತಟ್ಟಲು ಬರುತ್ತಾರೆ. ನೋಡಿದಿರಾ, ತಾಳಿದವನು ಬಾಳಿಯಾನು. ಮರುಕಟ್ಟುವ ಕೆಲಸಕ್ಕೆ ಕಾಲ ಬೇಕು, ಕೋಚನ್ನು ಪ್ರಶ್ನಿಸುವುದೇ ದ್ರೋಹ. ಇವರನ್ನು ಕಂಡರೆ ನನಗೆ ಮೊದಲನೆಯವರಿಗಿಂತ ಹೆಚ್ಚು ಸಿಟ್ಟು. ಕೂಗುವವನ ತಪ್ಪು ಎಲ್ಲರಿಗೂ ಕೇಳುತ್ತದೆ. ತಾಳ್ಮೆಯ ಉಪದೇಶ ಜಾಣತನದ ವೇಷದಲ್ಲಿ ಬರುವುದರಿಂದ ಅದರ ತಪ್ಪು ಯಾರಿಗೂ ಕಾಣುವುದಿಲ್ಲ.

ಹಾರ್ಡ್‌ವಿಕ್, ಕ್ಲಾರ್ಕ್‌ಸನ್ ಇಬ್ಬರ ಹೆಸರು ಹೇಳುವವರು ಬ್ರೆಂಡನ್ ಬೋಲ್ಟನ್ ಹೆಸರನ್ನು ಯಾಕೆ ಹೇಳುವುದಿಲ್ಲ? 2016ರಲ್ಲಿ ಕಾರ್ಲ್‌ಟನ್ ತಂಡ ಇವರ ಕೈಗೆ ಬಂತು. ಮೊದಲ ವರ್ಷ 7 ಗೆಲುವು, ಎರಡನೇ ವರ್ಷ 6, ಮೂರನೇ ವರ್ಷ 2. ನಾಲ್ಕನೇ ವರ್ಷ ಹನ್ನೊಂದು ಪಂದ್ಯಕ್ಕೆ ಒಂದು. ಅಲ್ಲಿಗೆ ಮನೆಗೆ ಕಳಿಸಿದರು. ಚಿಗುರು ಕಾಣುತ್ತಿದೆ, ಚಿಗುರು ಕಾಣುತ್ತಿದೆ ಎನ್ನುವುದು ಆ ಕಾಲದ ಕಾರ್ಲ್‌ಟನ್‌ನ ನಿತ್ಯ ಮಂತ್ರವಾಗಿತ್ತು. ಅಲ್ಲಿ ತಾಳ್ಮೆಗೆ ಬರ ಇರಲಿಲ್ಲ, ಫಲ ಮಾತ್ರ ಬರಲಿಲ್ಲ. ನಾರ್ತ್ ಮೆಲ್ಬರ್ನ್ ನೋಡಿ. 2020ರಿಂದ 2025ರವರೆಗೆ ಆರು ಋತು, ಕೊನೆಯ ಮೂರು ಸ್ಥಾನ ಬಿಟ್ಟು ಮೇಲೆದ್ದಿಲ್ಲ. ಅಲ್ಲಿಗೆ 2023ರಿಂದ ಕೋಚ್ ಆಗಿ ಬಂದಿರುವವರು ಬೇರೆ ಯಾರೂ ಅಲ್ಲ, ಹಾಥಾರ್ನ್‌ಗೆ ನಾಲ್ಕು ಕಪ್ ಕೊಟ್ಟ ಅದೇ ಕ್ಲಾರ್ಕ್‌ಸನ್. ಮೊದಲ ಎರಡು ವರ್ಷ ಮೂರು ಮೂರು ಗೆಲುವು, ಮೂರನೇ ವರ್ಷ ಐದು ಗೆಲುವು ಒಂದು ಡ್ರಾ. ಹಾಥಾರ್ನ್‌ನಲ್ಲಿ ಮೂರು ವರ್ಷದಲ್ಲಿ ಸೋತ ತಂಡವನ್ನು ಫೈನಲ್ಸ್‌ಗೆ ತಂದ ಮನುಷ್ಯನಿಗೆ ಇಲ್ಲಿ ಅಷ್ಟೇ ಕಾಲದಲ್ಲಿ ಅದು ಆಗಲಿಲ್ಲ. ಹಾಗಾದರೆ ಕಾಲ ಎನ್ನುವುದು ತಾನಾಗಿ ಏನನ್ನೂ ಮಾಡುವುದಿಲ್ಲ. ಬಿತ್ತದೆ ಕಾದರೆ ಬೆಳೆಯುವುದು ಕಳೆ.

ಮೆಲ್ಬರ್ನ್ ಕ್ಲಬ್‌ನ ಕಥೆ ಇನ್ನೂ ಕಹಿ. 2009ರಲ್ಲಿ ಆ ತಂಡ ಕೊನೆಗೆ ಬಂತು, ಡ್ರಾಫ್ಟ್‌ನಲ್ಲಿ ಹೆಚ್ಚಿನ ಆಯ್ಕೆಗಳು ಸಿಕ್ಕವು. ಬೇಕೆಂದೇ ಸೋತರು ಎನ್ನುವ ಗುಮಾನಿ ಎದ್ದು, ಲೀಗ್ ದೀರ್ಘ ತನಿಖೆ ನಡೆಸಿತು. ಬೇಕೆಂದೇ ಸೋತದ್ದು ಸಾಬೀತಾಗಲಿಲ್ಲ ಎಂದರೂ 2013ರಲ್ಲಿ ಕ್ಲಬ್‌ಗೆ ಐದು ಲಕ್ಷ ಡಾಲರ್ ದಂಡ ಬಿತ್ತು. ಆಟಗಾರರು ಬಂದರು, ಗೆಲುವು ಬರಲಿಲ್ಲ. 2011ರ ಜುಲೈನಲ್ಲಿ ಜೀಲಾಂಗ್ ಎದುರು 186 ಅಂಕಗಳ ಸೋಲು, ಅದರ ಬೆನ್ನಿಗೇ ಕೋಚ್ ಡೀನ್ ಬೇಲಿ ವಜಾ. ಮುಂದೆ ಬಂದ ಮಾರ್ಕ್ ನೀಲ್ಡ್‌ಗೆ 33 ಪಂದ್ಯದಲ್ಲಿ ಐದು ಗೆಲುವು. 2006ರ ಫೈನಲ್ಸ್ ಆದ ಮೇಲೆ ಮತ್ತೆ ಫೈನಲ್ಸ್ ಕಾಣಲು 2018 ಬರಬೇಕಾಯಿತು. ಸೋಲನ್ನು ಬಂಡವಾಳ ಅಂದುಕೊಂಡ ಮನೆಯಲ್ಲಿ ಹುಡುಗರು ಮೊದಲು ಕಲಿಯುವುದು ಸೋಲನ್ನೇ. ಅದನ್ನು ಮರೆಸಲು ಹತ್ತು ವರ್ಷ ಹಿಡಿಯುತ್ತದೆ.

ಈಗ ನನ್ನ ಕಥೆ.

ಇಪ್ಪತ್ತು ವರ್ಷದ ಹಿಂದೆ ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದೆ. ಹತ್ತನೇ ತರಗತಿಯ ಗಣಿತದ ಫಲಿತಾಂಶ ಅಲ್ಲಿ ವರ್ಷ ವರ್ಷ ಕುಸಿಯುತ್ತಿತ್ತು. ಮೊದಲ ವಾರವೇ ಗೊತ್ತಾಯಿತು, ಅರ್ಧ ತರಗತಿಗೆ ಭಿನ್ನರಾಶಿ ಕೂಡಲು ಬರುವುದಿಲ್ಲ. ಹಿಂದಿದ್ದವರು ಪಾಸಾಗಲು ಬೇಕಾದ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ ದಾಟಿಸುತ್ತಿದ್ದರು. ನನಗೆ ಬಿಸಿ ರಕ್ತ. ಬುಡದಿಂದ ಕಟ್ಟುತ್ತೇನೆ ಎಂದು ಐದನೇ ತರಗತಿಯ ಪಾಠದಿಂದ ಶುರು ಮಾಡಿದೆ. ಮಕ್ಕಳು ನಿಜವಾಗಿ ಕಲಿಯತೊಡಗಿದರು. ಬೋರ್ಡಿನ ಮುಂದೆ ಬಂದು ತಾವೇ ಲೆಕ್ಕ ಬಿಡಿಸಿ, ತಪ್ಪಾದರೆ ತಾವೇ ಅಳಿಸಿ ಮತ್ತೆ ಬರೆಯುತ್ತಿದ್ದರು. ಮಾರ್ಚ್ ಬಂತು, ಪರೀಕ್ಷೆ ಆಯಿತು. ಫಲಿತಾಂಶ ಹಿಂದಿನ ವರ್ಷಕ್ಕಿಂತ ಕೆಳಗೆ ಬಿತ್ತು. ಆಡಳಿತ ಮಂಡಳಿಯವರು ಕರೆದು ಕೂರಿಸಿ, ಒಂದು ಹಾಳೆಯ ಮೇಲೆ ಎರಡು ಶೇಕಡಾವಾರು ಬರೆದು ತೋರಿಸಿ, ಜೂನ್‌ನಿಂದ ಬರುವುದು ಬೇಡಮ್ಮಾ ಎಂದರು. ಒಬ್ಬರೂ ತರಗತಿಗೆ ಬಂದು ನೋಡಿರಲಿಲ್ಲ.

ಈ ಕಥೆಯನ್ನು ವರ್ಷಗಟ್ಟಲೆ ನನ್ನ ಪರವಾಗಿಯೇ ಹೇಳಿಕೊಂಡು ಬಂದೆ. ಅರ್ಧ ಕಥೆ ಬಿಟ್ಟು ಹೇಳುತ್ತಿದ್ದೆ. ಆ ವರ್ಷ ಫೇಲಾದವರಲ್ಲಿ ಒಬ್ಬ ಹುಡುಗಿ ನಾಲ್ಕೈದು ಅಂಕದಲ್ಲಿ ಹೋದಳು. ಹಳೆಯ ಟೀಚರ ಹತ್ತು ಪ್ರಶ್ನೆ ಬಾಯಿಪಾಠ ಮಾಡಿದ್ದರೆ ಅವಳು ಪಾಸಾಗುತ್ತಿದ್ದಳು, ಅನುಮಾನವಿಲ್ಲ. ಫೇಲಾದ ಮೇಲೆ ಮನೆಯಲ್ಲಿ ಓದು ಬಿಡಿಸಿದರು, ಮರುವರ್ಷ ಮದುವೆ ಮಾಡಿದರು. ನಾನು ಬುಡದಿಂದ ಕಟ್ಟುತ್ತಿದ್ದ ಮನೆಯ ಖರ್ಚನ್ನು ಅವಳು ಕೊಟ್ಟಳು. ನನಗೆ ಇನ್ನೊಂದು ಶಾಲೆ ಸಿಕ್ಕಿತು, ಆಮೇಲೆ ಇನ್ನೊಂದು ದೇಶವೂ ಸಿಕ್ಕಿತು. ಅವಳಿಗೆ ಇನ್ನೊಂದು ಹತ್ತನೇ ತರಗತಿ ಸಿಗಲಿಲ್ಲ.

ಹಾಗಾಗಿ ಮರುಕಟ್ಟುವುದು ಎನ್ನುವ ಮಾತು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು, ಇದರ ಖರ್ಚು ಯಾರ ತಲೆಯ ಮೇಲೆ? ಮೂರು ವರ್ಷದ ತಾಳ್ಮೆ ಎಂದರೆ ಕ್ಲಬ್‌ಗೆ ಅದು ಬರೀ ಮೂರು ವರ್ಷ. ಮೂವತ್ತೊಂದರ ಆಟಗಾರನಿಗೆ ಅದು ಉಳಿದ ಆಟವೆಲ್ಲ. ಹದಿನೆಂಟಕ್ಕೆ ಬಂದು, ಇಪ್ಪತ್ತೊಂದಕ್ಕೆ ಹೆಸರು ಕೈಬಿಡಿಸಿಕೊಂಡು ಹೋಗುವ ಹುಡುಗನಿಗೆ ಅದು ಇಡೀ ಕ್ರೀಡಾಜೀವನ. ಈ ಖರ್ಚನ್ನು ಒಪ್ಪಿಕೊಳ್ಳದೆ ತಾಳ್ಮೆ ಬೋಧಿಸುವವರು ಬೇರೆಯವರ ಜೇಬಿನಿಂದ ದಾನ ಮಾಡುವವರು.

ಅಂಕಪಟ್ಟಿಯೂ ಬೇಡ, ಕುರುಡು ತಾಳ್ಮೆಯೂ ಬೇಡ ಎಂದರೆ ಅಳೆಯುವುದು ಹೇಗೆ? ಆ ಆಡಳಿತ ಮಂಡಳಿಯವರು ಮಾಡದೇ ಹೋದದ್ದನ್ನು ಮಾಡಿದರೆ ಸಾಕು, ತರಗತಿಗೆ ಬಂದು ಕೂರಬೇಕು. ಮೈದಾನದಲ್ಲಿ ಕೂತವರಿಗೆ ಇದು ಕಷ್ಟವೇನಲ್ಲ, ಆಟ ನಮ್ಮ ಕಣ್ಣೆದುರೇ ನಡೆಯುತ್ತದೆ. ಎರಡು ವರ್ಷ ನಾನು ನೋಡಿದ್ದನ್ನು ನಾಲ್ಕು ಪ್ರಶ್ನೆಗಳಲ್ಲಿ ಇಡುತ್ತೇನೆ. ಊಝೇಗೆ ನನ್ನ ಅಂಕವನ್ನೂ ಕೊಡುತ್ತೇನೆ, ಜಾರಿಕೊಳ್ಳುವುದಿಲ್ಲ.

ಮೊದಲನೆಯದು, ಎಳೆಯರು ಕಲಿಯುತ್ತಿದ್ದಾರೆಯೇ? ಒಳ್ಳೆಯ ಹುಡುಗ ಯಾವ ಕೋಚ್ ಕೈಯಲ್ಲೂ ಮಿಂಚುತ್ತಾನೆ. ನೋಡಬೇಕಾದದ್ದು ನಡುವಿನ ಬೆಂಚಿನವರನ್ನು. ಏಪ್ರಿಲ್‌ನಲ್ಲಿ ಮಾಡಿದ ತಪ್ಪನ್ನೇ ಆಗಸ್ಟ್‌ನಲ್ಲೂ ಮಾಡುತ್ತಿದ್ದಾರೋ, ಹೊಸ ತಪ್ಪು ಮಾಡುತ್ತಿದ್ದಾರೋ? ಹೊಸ ತಪ್ಪು ಮಾಡುವ ಮಗು ಮುಂದೆ ಹೋಗುತ್ತಿದೆ ಎಂದು ಯಾವ ಟೀಚರಿಗೂ ಗೊತ್ತು. 2025ರ ಮೊದಲ ಪಂದ್ಯ ನೆನಪಿಸಿಕೊಳ್ಳಿ. ಕಾರ್ಲ್‌ಟನ್ ಎದುರು 41 ಅಂಕ ಹಿಂದೆ ಬಿದ್ದಿದ್ದ ತಂಡ ಎದ್ದು ಬಂದು 13 ಅಂಕಗಳಿಂದ ಗೆದ್ದಿತು. ಲೇಲರ್‌ಗೆ ಅದು ಮೊದಲ ಪಂದ್ಯ. ಒಂದು ಪಂದ್ಯದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಹೆದರಿದ ಮಕ್ಕಳು ಹಾಗೆ ಆಡಲಾರರು. ತಪ್ಪಾದರೆ ಮರುವಾರ ತಂಡದಿಂದ ಹೊರಗೆ ಎನ್ನುವ ಭಯ ಈ ಹುಡುಗರ ಕಾಲಿನಲ್ಲಿ ನನಗೆ ಕಂಡಿಲ್ಲ. ಇದರಲ್ಲಿ ಊಝೇ ಪಾಸು.

ಎರಡನೆಯದು, ಹೇಗೆ ಸೋಲುತ್ತಾರೆ? ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಎದುರಾಳಿಯ ಕೈಗೆ ಹೋದಾಗ ಹಿಂದಕ್ಕೆ ಓಡುವವರು ಎಷ್ಟು ಜನ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವರು ಎಷ್ಟು ಜನ? ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮಿಲ್ಲ. ಓಡುವುದರಲ್ಲಿ ತಂಡ ಮೋಸ ಮಾಡಿಲ್ಲ. ಆದರೆ ಓಡಿ ಗಳಿಸಿದ ಚೆಂಡನ್ನು ಗೋಲಿನ ತನಕ ಮುಟ್ಟಿಸುವ ದಾರಿ ಇವರಿಗೆ ಇನ್ನೂ ಗೊತ್ತಿಲ್ಲ. 2025ರಲ್ಲಿ ಅಂಕ ಗಳಿಸುವುದರಲ್ಲಿ ರಿಚ್ಮಂಡ್ ಲೀಗ್‌ನ ತೀರಾ ಹಿಂದಿನ ಸಾಲಿನಲ್ಲಿತ್ತು. ಅದಕ್ಕೆ ಎಳೆತನ ಕಾರಣ ಎಂದು ಎರಡು ವರ್ಷ ಒಪ್ಪಿದ್ದೇನೆ. ಮೂರನೇ ವರ್ಷ ಒಪ್ಪುವುದಿಲ್ಲ. ಇಲ್ಲಿ ಅಂಕ ಬಾಕಿ ಇಟ್ಟಿದ್ದೇನೆ.

ಮೂರನೆಯದು, ಹಿರಿಯರು ಏನಾಗಿದ್ದಾರೆ? ಎಳೆಯರು ಕೋಚ್‌ನ ಬೋರ್ಡಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಆಡುವ ಅಣ್ಣನನ್ನು ನೋಡಿ ಕಲಿಯುತ್ತಾರೆ. ನಾಯಕ ಟೋಬಿ ನ್ಯಾಂಕರ್ವಿಸ್ ಉಳಿದಿದ್ದಾರೆ, ಮೈ ಮುರಿದು ಆಡುತ್ತಾರೆ. ಆದರೆ ತಂಡದ ಹಿರಿಯ ಫಾರ್ವರ್ಡ್ ಟಾಮ್ ಲಿಂಚ್ ಕಳೆದ ವರ್ಷ ಅಡಿಲೇಡ್ ಎದುರು ಸಹನೆಗೆಟ್ಟು ಕೈಬೀಸಿ ಐದು ಪಂದ್ಯದ ನಿಷೇಧ ತಂದುಕೊಂಡರು. ಸೋಲಿನ ಹತಾಶೆ ನನಗೆ ಅರ್ಥವಾಗುತ್ತದೆ. ಹತ್ತೊಂಬತ್ತರ ಹುಡುಗ ಅದನ್ನು ಪಕ್ಕದಲ್ಲೇ ನಿಂತು ನೋಡುತ್ತಾನೆ ಎನ್ನುವುದನ್ನು ಹಿರಿಯರು ಅರ್ಥ ಮಾಡಿಕೊಳ್ಳಬೇಕು. ಇದು ಅರ್ಧ ಅಂಕದ ಉತ್ತರ.

ನಾಲ್ಕನೆಯದು, ಗೆಲುವಿಗೂ ಸರಿತನಕ್ಕೂ ಎದುರುಬದುರಾದಾಗ ಮೇಷ್ಟ್ರು ಯಾವ ಕಡೆ ನಿಂತರು? ಹಲ್ಲೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು, ನ್ಯಾಯಾಲಯ ಶಿಕ್ಷೆ ಪ್ರಕಟಿಸುವುದನ್ನು ಕಾಯುತ್ತಿದ್ದ ತನ್ನ ಆಟಗಾರನನ್ನು ರಿಚ್ಮಂಡ್ 2025ರ ಏಪ್ರಿಲ್‌ನಲ್ಲಿ ಕಣಕ್ಕಿಳಿಸಿತು. ಕ್ಲಬ್ ವಿಧಿಸಿದ್ದ ಅಮಾನತು ಮುಗಿದಿತ್ತು, ನಿಯಮದ ಪ್ರಕಾರ ಅಡ್ಡಿ ಇರಲಿಲ್ಲ ಎನ್ನುವುದು ಸಮರ್ಥನೆ. ಕೆಲವೇ ದಿನ ಕಾದಿದ್ದರೆ ತೀರ್ಪು ಬರುತ್ತಿತ್ತು. ಕಾಯಲಿಲ್ಲ. ಎದುರಿಗೆ ಹಾರ್ಡ್‌ವಿಕ್‌ರ ಗೋಲ್ಡ್ ಕೋಸ್ಟ್ ಇತ್ತು, ಆ ಪಂದ್ಯವನ್ನು ರಿಚ್ಮಂಡ್ ಗೆದ್ದಿತು. ಆ ವರ್ಷದ ಐದು ಗೆಲುವಿನಲ್ಲಿ ಅದೂ ಒಂದು. ನನ್ನ ಲೆಕ್ಕದಲ್ಲಿ ಅದು ಗೆಲುವಲ್ಲ. ನಮಗೆ ಎಲ್ಲದರಲ್ಲೂ ತಾಳ್ಮೆ ಇರಬೇಕು ಎನ್ನುವ ಕ್ಲಬ್‌ಗೆ ಒಂದೇ ಒಂದು ವಾರದ ತಾಳ್ಮೆ ಇರಲಿಲ್ಲ. ತೀರ್ಮಾನ ಊಝೇ ಒಬ್ಬರದ್ದಲ್ಲ, ಒಪ್ಪುತ್ತೇನೆ. ಆದರೆ ತಂಡದ ಪಟ್ಟಿಯ ಕೆಳಗೆ ಅವರ ಹೆಸರಿದೆ. ಇಲ್ಲಿ ಅವರು ಫೇಲು. ಎಳೆಯ ಮಕ್ಕಳಿಗೆ ಮನೆ ಕಟ್ಟುತ್ತಿದ್ದೇವೆ ಎನ್ನುವವರು ಅಡಿಪಾಯಕ್ಕೆ ಏನು ಹಾಕುತ್ತಿದ್ದೇವೆ ಎಂದು ನೋಡಿಕೊಳ್ಳಬೇಕಿತ್ತು.

ಇದನ್ನೆಲ್ಲ ಓದಿದ ಒಬ್ಬ ಗೆಳೆಯ, ಪಕ್ಕಾ ಆರ್‌ಸಿಬಿ ಅಭಿಮಾನಿ, ನಕ್ಕು ಹೇಳಿದ: ನಾವು ಹದಿನೆಂಟು ವರ್ಷ ಈ ಸಲ ಕಪ್ ನಮ್ದೇ ಅಂತ ಕೂಗಿದೆವು, ನಾಲ್ಕು ಪ್ರಶ್ನೆ ಕೇಳಲಿಲ್ಲ, 2025ರಲ್ಲಿ ಕಪ್ ಬಂತು. ಅಭಿಮಾನಿಯ ಕೆಲಸ ಕೂಗುವುದು, ಅಂಕ ಕೊಡುವುದಲ್ಲ. ಈ ಮಾತಿನಲ್ಲಿ ಪ್ರೀತಿ ಇದೆ, ನನಗೂ ಆ ಪ್ರೀತಿ ಗೊತ್ತು. ಆದರೆ ರಿಚ್ಮಂಡ್ 2018ರಲ್ಲಿ ಒಂದು ಲಕ್ಷ ಸದಸ್ಯರ ಗಡಿ ದಾಟಿದ ಮೊದಲ ಎಎಫ್‌ಎಲ್ ಕ್ಲಬ್. ಇಲ್ಲಿ ಅಭಿಮಾನಿ ಎಂದರೆ ವರ್ಷ ವರ್ಷ ದುಡ್ಡು ಕಟ್ಟುವ, ಆಡಳಿತ ಮಂಡಳಿಗೆ ಮತ ಹಾಕುವ ಸದಸ್ಯ. ಅವನಿಗೆ ಪ್ರಶ್ನೆ ಕೇಳುವ ಹಕ್ಕಷ್ಟೇ ಅಲ್ಲ, ಸರಿಯಾದ ಪ್ರಶ್ನೆ ಕೇಳುವ ಹೊಣೆಯೂ ಇದೆ.

ಅದಕ್ಕೆ ದಾಖಲೆಯೂ ಇದೆ. 2013, 2014, 2015 ಮೂರು ವರ್ಷವೂ ಹಾರ್ಡ್‌ವಿಕ್‌ರ ತಂಡ ಫೈನಲ್ಸ್‌ನ ಮೊದಲ ಪಂದ್ಯದಲ್ಲೇ ಸೋತು ಹೊರಬಿತ್ತು. 2016ರಲ್ಲಿ ಹದಿಮೂರನೇ ಸ್ಥಾನ. ಕೊನೆಯ ಪಂದ್ಯದಲ್ಲಿ ಸಿಡ್ನಿ ಎದುರು 113 ಅಂಕಗಳ ಸೋಲು. ಕೋಚನ್ನು ಕಿತ್ತೊಗೆಯಿರಿ ಎಂಬ ಕೂಗು ಎದ್ದಿತು, ಮಂಡಳಿಯನ್ನೇ ಉರುಳಿಸುವ ಪ್ರಯತ್ನವೂ ನಡೆಯಿತು. ಎಎಫ್‌ಎಲ್ ಕ್ಲಬ್ ಒಂದರ ಮೊದಲ ಮಹಿಳಾ ಅಧ್ಯಕ್ಷೆ ಪೆಗ್ಗಿ ಓನೀಲ್ ಮತ್ತು ಅವರ ಮಂಡಳಿ ಹಾರ್ಡ್‌ವಿಕ್‌ರನ್ನು ಉಳಿಸಿಕೊಂಡರು. ತಾಳ್ಮೆಯವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದೇ ಮುಖ್ಯ. ಮಂಡಳಿ ಸುಮ್ಮನೆ ಕಾಯಲಿಲ್ಲ, ಹೊರಗಿನವರಿಂದ ಪರಿಶೀಲನೆ ಮಾಡಿಸಿತು. ಅನುಭವಿ ನೀಲ್ ಬಾಮ್ ಫುಟ್‌ಬಾಲ್ ವಿಭಾಗದ ಹೊಣೆಗೆ ಬಂದರು, ಬ್ಲೇಕ್ ಕ್ಯಾರಸೆಲ್ಲಾ, ಜಸ್ಟಿನ್ ಲೆಪಿಚ್ ಥರದ ಸಹಾಯಕರು ಬಂದರು. ತಂಡ ಆಡುವ ರೀತಿ ಬದಲಾಯಿತು, ಕೋಚ್ ಕೂಡ ಬದಲಾದರು. ಮರುವರ್ಷ, 2017ರ ಸೆಪ್ಟೆಂಬರ್ ಕೊನೆಯ ಶನಿವಾರ, 1,00,021 ಜನರ ಎದುರು ಅಡಿಲೇಡ್‌ನ್ನು 48 ಅಂಕಗಳಿಂದ ಸೋಲಿಸಿ, 1980ರಿಂದ ಕಾದ ಕಪ್ಪನ್ನು ಎತ್ತಿದರು. ಉಳಿಸಿಕೊಂಡದ್ದರಿಂದ ಗೆದ್ದರು ಎನ್ನುವುದು ಅರ್ಧ ಸತ್ಯ. ಉಳಿಸಿಕೊಂಡು ತಿದ್ದಿದ್ದರಿಂದ ಗೆದ್ದರು.

ಊಝೇ ವಿಷಯದಲ್ಲಿ ನನ್ನ ಬೇಡಿಕೆಯೂ ಅಷ್ಟೇ. ಈ ಮನುಷ್ಯ ಆಟಗಾರನಾಗಿ ಮೆಲ್ಬರ್ನ್ ಪರ 271 ಪಂದ್ಯ ಆಡಿದವರು. ಅದರಲ್ಲಿ 226 ಪಂದ್ಯ ಒಂದೂ ತಪ್ಪಿಸದೆ ಸಾಲಾಗಿ. ಆಮೇಲೆ ಹಾಥಾರ್ನ್‌ನಲ್ಲಿ, ಮೆಲ್ಬರ್ನ್‌ನಲ್ಲಿ ವರ್ಷಗಟ್ಟಲೆ ಸಹಾಯಕರಾಗಿ ದುಡಿದು ಈ ಕುರ್ಚಿಗೆ ಬಂದವರು. ಅವರಿಗೆ ದಯೆ ಬೇಕಿಲ್ಲ. ಗಮನ ಬೇಕು. ಮೂರನೇ ಋತುವಿನ ಕೊನೆಗೆ ಈ ತಂಡ ಎಂಟು ಪಂದ್ಯ ಗೆದ್ದು, ಆ ನಡುಬೆಂಚಿನ ಹುಡುಗರು ಅಲ್ಲೇ ನಿಂತಿದ್ದರೆ ನಾನು ಅವರ ವಿರುದ್ಧ ಬರೆಯುತ್ತೇನೆ. ನಾಲ್ಕೇ ಗೆದ್ದು, ಆ ಹುಡುಗರು ಚೆಂಡನ್ನು ಗೋಲಿನ ತನಕ ಒಯ್ಯುವ ದಾರಿ ಕಲಿತಿದ್ದರೆ ಅವರ ಪರ ಬರೆಯುತ್ತೇನೆ. ಎರಡೂ ಆಗದಿದ್ದರೆ ಸುತ್ತಲಿರುವ ಸಹಾಯಕರನ್ನು ಮೊದಲು ನೋಡಿ, ಆಮೇಲೆ ಅವರನ್ನು ನೋಡಿ ಎನ್ನುತ್ತೇನೆ. ಆದರೆ ನೋಡದೆ ಮಾತ್ರ ಯಾರನ್ನೂ ಕಳಿಸಬೇಡಿ, ನೋಡದೆ ಯಾರನ್ನೂ ಉಳಿಸಿಕೊಳ್ಳಲೂ ಬೇಡಿ.

ಮೊನ್ನೆ ಸದಸ್ಯತ್ವದ ನವೀಕರಣದ ಪತ್ರ ಬಂತು. ಮಗನದೂ ನನ್ನದೂ ಸೇರಿಸಿ ದುಡ್ಡು ಕಟ್ಟಿದೆ. ಮಾರ್ಚ್‌ನಲ್ಲಿ ಅದೇ ಮೇಲಿನ ಸಾಲಿನಲ್ಲಿ ಕೂರುತ್ತೇವೆ. ಕಳೆದ ವರ್ಷ ಚೆಂಡು ಬಿಟ್ಟ ಆ ಹುಡುಗ ಇನ್ನೂ ತಂಡದಲ್ಲಿದ್ದಾನೆ. ಮಗ ಅವನ ನಂಬರನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾನೆ. ಈ ಸಲ ಅವನು ಎಷ್ಟು ಹಿಡಿಯುತ್ತಾನೆ, ಎಷ್ಟು ಬಿಡುತ್ತಾನೆ, ಬಿಟ್ಟ ಮೇಲೆ ಏನು ಮಾಡುತ್ತಾನೆ ಅಂತ ಇಬ್ಬರೂ ಕೂತು ಗುರುತು ಹಾಕಿಕೊಳ್ಳುವುದು ಎಂದು ಮಾತಾಗಿದೆ.